ದೊಡ್ಡ ಟರ್ಬೊ ಹಾಕಿಸೋ ಮುಂಚೆ ಪೆಟ್ರೋಲ್ ಲೆಕ್ಕ ಹಾಕಿ

ಹೊಸಪೇಟೆಯ ಚಿತ್ತವಾಡ್ಗಿ ಕಡೆ ಬೇಸಿಗೇಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಸಂಡೂರು ಕಡೆ ಹೊರಟರೆ ಅದಿರಿನ ಕೆಂಪು ಧೂಳು. ಇಲ್ಲಿ ಕಾರಿಗೆ ದೊಡ್ಡ ಟರ್ಬೊ ಹಾಕಿಸೋ ಆಸೆ ಇರೋರು ಒಂದು ಮಾತು ನೆನಪಿಡಿ: ಟರ್ಬೊ ತುಂಬೋದು ಗಾಳಿ ಮಾತ್ರ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಬಿಸಿ ಏರಿ, ನಾಕಿಂಗ್ ಶುರುವಾಗಿ, ಪಿಸ್ಟನ್ನೇ ಕರಗಬಹುದು.

ಹಾಗಾಗಿ ಎಷ್ಟು ಹಾರ್ಸ್‌ಪವರ್ ಬೇಕು ಅನ್ನೋದನ್ನ ಮೊದಲು ನಿರ್ಧರಿಸಿ. ನಾಲ್ಕು ಸಿಲಿಂಡರಿನ ಪೋರ್ಟ್ ಇಂಜೆಕ್ಷನ್ ಎಂಜಿನ್‌ನಿಂದ 200 ಬೇಕಾದರೆ, ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ಸುಮಾರು 400 ಸಿಸಿಯದ್ದಿರಬೇಕು. ಇಂಜೆಕ್ಟರನ್ನ ಶೇ. 80ಕ್ಕಿಂತ ಹೆಚ್ಚು ದುಡಿಸಬಾರದು ಅನ್ನೋದೂ ಈ ಲೆಕ್ಕದಲ್ಲಿದೆ. ಬಂಕ್‌ನಲ್ಲಿ ಸಿಗೋ ಇ20 ಹಾಕಿಸೋದಾದರೆ ಇನ್ನೂ ಸ್ವಲ್ಪ ಜಾಸ್ತಿ. ಅಷ್ಟೇ ಗಾಳಿಗೆ ಎಥೆನಾಲ್ ಹೆಚ್ಚು ಬೇಕಾಗುತ್ತೆ. ಬೂಸ್ಟ್ ಏರಿದಾಗಲೂ ಇಷ್ಟನ್ನ ಪೂರೈಸೋ ಪಂಪ್ ಇರಬೇಕು. ಇಸಿಯು ಟ್ಯೂನಿಂಗ್ ಇಲ್ಲದೆ ಇದ್ಯಾವುದೂ ಕೆಲಸಕ್ಕೆ ಬರಲ್ಲ.

ಆಮೇಲೆ ಟರ್ಬೊ. ದೊಡ್ಡದು ತಡವಾಗಿ ಎಳೆಯುತ್ತೆ. ಚಿಕ್ಕದು ಬೇಗ ಸ್ಪಂದಿಸುತ್ತೆ. ಬಿಸಿಲಿಗೆ ಒಳ್ಳೆ ಇಂಟರ್‌ಕೂಲರ್, ಧೂಳಿಗೆ ಒಳ್ಳೆ ಏರ್ ಫಿಲ್ಟರ್ ಬೇಕೇ ಬೇಕು. ಫಿಲ್ಟರ್ ತಪ್ಪಿಸಿ ಬಂದ ಧೂಳು ಕಂಪ್ರೆಸರ್ ರೆಕ್ಕೆಯನ್ನ ಸವೆಸುತ್ತೆ.

ಇನ್ನೊಂದು ಮಾತು: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ರಸ್ತೆಗಿಳಿಯೋ ಕಾರನ್ನ ಮನಸ್ಸಿಗೆ ಬಂದಂತೆ ಬದಲಿಸೋ ಹಾಗಿಲ್ಲ. ಇದೆಲ್ಲ ಟ್ರ್ಯಾಕ್ ಕಾರಿಗೆ ಸರಿ. ದಿನಾ ಓಡಿಸೋ ಕಾರಿಗೆ ಕಂಪನಿ ಕೊಟ್ಟ ಟರ್ಬೊನೇ ಸಾಕು.