ನೋಡುವ ಕಣ್ಣು, ತೆರುವ ಕೈ

‘ದೇಶ ಸುತ್ತು, ಕೋಶ ಓದು’ ಎಂದು ಬುದ್ಧಿ ಹೇಳಿದ ಹಿರಿಯರು ಆ ಎರಡಕ್ಕೂ ತಗಲುವ ವೆಚ್ಚದ ಮಾತನ್ನು ಎತ್ತಲಿಲ್ಲ. ಕೋಶವನ್ನಾದರೂ ಗ್ರಂಥಾಲಯದಿಂದ ಎರವಲು ತಂದು ಓದಬಹುದು; ದೇಶವನ್ನು ಎರವಲು ತರುವ ಉಪಾಯವನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ. ಹಿಂದಿನ ಯಾತ್ರಿಕನು ಕಾಲ್ನಡೆಯಲ್ಲಿ ಹೊರಡುತ್ತಿದ್ದ. ದಾರಿಯಲ್ಲಿ ಅರವಟ್ಟಿಗೆಯಿರುತ್ತಿತ್ತು, ಇರುಳಾದರೆ ಛತ್ರವಿರುತ್ತಿತ್ತು. ಕಾಶಿಗೆ ಹೊರಟವನು ವೆಚ್ಚ ಮಾಡುತ್ತಿದ್ದುದು ಮುಖ್ಯವಾಗಿ ಕಾಲವನ್ನು, ಕೆಲವೊಮ್ಮೆ ಪ್ರಾಣವನ್ನು. ಈಗ ಕಾಲ ಉಳಿಯುತ್ತದೆ, ಹಣ ಕರಗುತ್ತದೆ. ಊಟ, ವಸತಿ, ವಿಮಾನಗಳ ಲೆಕ್ಕ ಹಾಗಿರಲಿ. ಒಂದು ಊರನ್ನು ಬರಿಯ ಕಣ್ಣಿನಿಂದ ನೋಡುವುದಕ್ಕೆ ಎಷ್ಟು ತೆರಬೇಕು, ಆ ಬೆಲೆಯನ್ನು ಗೊತ್ತುಮಾಡುವವರು ಯಾರು, ಅದನ್ನು ತೆರಲಾರದೆ ನೋಡುವವರ ಸಾಲಿನಿಂದ ಹೊರಗುಳಿಯುವವರು ಯಾರು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಇಂದಿನ ಪ್ರವಾಸೋದ್ಯಮದ ಆರಂಭವೇನೋ ಅಗ್ಗದಲ್ಲಿಯೇ ಆಯಿತು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಇಂಗ್ಲೆಂಡಿನ ಮರಗೆಲಸದವನು ಲೆಸ್ಟರ್ ಪಟ್ಟಣದಿಂದ ಲಫ್‌ಬರೋ ಎಂಬ ಊರಿಗೆ ಸುಮಾರು ಐನೂರು ಮಂದಿಯನ್ನು ರೈಲಿನಲ್ಲಿ ಕರೆದೊಯ್ದ. ಹೋಗಿಬರುವುದಕ್ಕೆ ತಲೆಗೆ ಒಂದು ಷಿಲ್ಲಿಂಗ್. ಉದ್ದೇಶ ಪಾನನಿರೋಧದ ಸಭೆ. ಜನರ ಕೈಯಿಂದ ಹೆಂಡದ ಬಟ್ಟಲನ್ನು ಬಿಡಿಸುವುದಕ್ಕಾಗಿ ಆತ ಅವರ ಕಣ್ಣಿಗೆ ಹೊಸ ಊರನ್ನು ತೋರಿಸಹೊರಟನೆನ್ನಬಹುದು. ಅವನ ಹೆಸರಿನ ಸಂಸ್ಥೆ ಜಗತ್ತನ್ನೆಲ್ಲ ಸುತ್ತಿಸಿ, 178 ವರ್ಷಗಳ ಮೇಲೆ, 2019ರ ಸೆಪ್ಟೆಂಬರಿನಲ್ಲಿ ದಿವಾಳಿಯೆದ್ದಿತು.

ಈಗ ಲಂಡನ್ ನಗರದ ಬೀದಿಗಳಲ್ಲಿ ಎರಡು ಬಗೆಯ ಎರಡಂತಸ್ತಿನ ಬಸ್ಸುಗಳು ಓಡುತ್ತವೆ. ಒಂದಕ್ಕೆ ಮೇಲೆ ಛಾವಣಿಯಿಲ್ಲ. ಅದು ಪ್ರವಾಸಿಗಳಿಗಾಗಿ ಇರುವುದು. ಒಂದು ದಿನ ಬೇಕಾದಲ್ಲಿ ಇಳಿದು ಬೇಕಾದಲ್ಲಿ ಹತ್ತುವ ಅದರ ಟಿಕೇಟು ಮೂವತ್ತು ಪೌಂಡಿನ ಆಸುಪಾಸು, ಇಲ್ಲವೇ ಅದಕ್ಕೂ ಮೇಲೆ. ಇನ್ನೊಂದು ಊರಿನವರ ಬಸ್ಸು. 2023ರಲ್ಲಿ ಅದರ ದರ ಏರಿದಾಗಲೂ ಅದು 1.75 ಪೌಂಡಿಗೆ ನಿಂತಿತು. ಒಮ್ಮೆ ಆ ಹಣ ತೆತ್ತು ಹತ್ತಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸುಗಳನ್ನಾದರೂ ಬದಲಿಸಬಹುದು. ಹನ್ನೊಂದು ತುಂಬದ ಮಕ್ಕಳಿಗೆ ಟಿಕೇಟೇ ಇಲ್ಲ. ಟ್ರಫಾಲ್ಗರ್ ಚೌಕದ ಬಳಿ 15ನೆಯ ನಂಬರಿನ ಬಸ್ಸನ್ನು ಹತ್ತಿ ಮೇಲಂತಸ್ತಿನ ಮುಂದಿನ ಸೀಟು ಹಿಡಿದರೆ, ಪತ್ರಿಕೆಗಳ ತವರಾಗಿದ್ದ ಫ್ಲೀಟ್ ಬೀದಿ, ಸೇಂಟ್ ಪಾಲ್ ದೇವಾಲಯದ ಗುಮ್ಮಟ, ಕೊನೆಗೆ ಥೇಮ್ಸ್ ದಡದ ಹಳೆಯ ಕೋಟೆ ಎಲ್ಲವೂ ಒಂದರ ಹಿಂದೊಂದು ಎದುರಾಗುತ್ತವೆ. ಅದೇ ಬೀದಿ, ಅದೇ ಗುಮ್ಮಟ. ನಡುವೆ ಇರುವ ಇಪ್ಪತ್ತೆಂಟು ಪೌಂಡು ಯಾತಕ್ಕೆ?

ಬರ್ಲಿನ್ ನಗರದಲ್ಲಿ ಈ ಪ್ರಶ್ನೆ ಇನ್ನೂ ಚೆನ್ನಾಗಿ ಸ್ಪಷ್ಟವಾಗುತ್ತದೆ. ಅಲ್ಲಿ 100 ಎಂಬ ನಂಬರಿನ ಒಂದು ಸಾಮಾನ್ಯ ಬಸ್ಸಿದೆ. ಗೋಡೆ ಬಿದ್ದು, ಎರಡು ಜರ್ಮನಿಗಳು ಒಂದಾದ 1990ರ ಕೊನೆಯಲ್ಲಿ, ಪೂರ್ವ ಪಶ್ಚಿಮಗಳೆಂದು ಸೀಳಿಹೋಗಿದ್ದ ಊರನ್ನು ಮರಳಿ ಹೊಲಿಯುವುದಕ್ಕೆಂದು ಅದನ್ನು ಹೊರಡಿಸಿದರು. ಪಶ್ಚಿಮದ ಪ್ರಾಣಿಸಂಗ್ರಹಾಲಯದ ನಿಲ್ದಾಣದಿಂದ ಪೂರ್ವದ ಅಲೆಕ್ಸಾಂಡರ್ ಚೌಕದವರೆಗೆ ಅದರ ದಾರಿ. ಯುದ್ಧದಲ್ಲಿ ಮುರಿದ ಶಿಖರವನ್ನು ಹಾಗೆಯೇ ಉಳಿಸಿಕೊಂಡಿರುವ ಸ್ಮಾರಕ ಚರ್ಚು, ವಿಜಯಸ್ತಂಭ, ಅಧ್ಯಕ್ಷರ ಅರಮನೆ, ಗಾಜಿನ ಗುಮ್ಮಟದ ಸಂಸತ್ತು, ಬ್ರಾಂಡೆನ್‌ಬುರ್ಗ್ ದ್ವಾರದ ಸಮೀಪ, ವಿಶ್ವವಿದ್ಯಾನಿಲಯ, ವಸ್ತುಸಂಗ್ರಹಾಲಯಗಳ ದ್ವೀಪ—ಇಷ್ಟನ್ನೂ ಅದು ಮುಟ್ಟಿಕೊಂಡು ಹೋಗುತ್ತದೆ. 2025ರಲ್ಲಿ ಇದಕ್ಕೆ ತೆರಬೇಕಾಗಿದ್ದುದು 3.80 ಯೂರೋ. ಆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವಳು ಸಂತೆಯಿಂದ ಮೂಲಂಗಿ ತರುತ್ತಿರುವ ಮುದುಕಿಯಾಗಿರಬಹುದು, ಎದುರಿನವನು ಪಾಠ ತಪ್ಪಿಸಿಕೊಂಡು ಬಂದ ಹುಡುಗನಾಗಿರಬಹುದು. ಅವರಿಗೆ ಸಂಸತ್ತಿನ ಗುಮ್ಮಟದ ಕಡೆ ಕತ್ತೆತ್ತುವ ವ್ಯವಧಾನವಿರುವುದಿಲ್ಲ. ಊರನ್ನು ನೋಡುವುದೆಂದರೆ ಗುಮ್ಮಟವನ್ನು ಮಾತ್ರ ನೋಡುವುದಲ್ಲ, ಗುಮ್ಮಟವನ್ನು ನೋಡದೆ ಬಾಳುವವರನ್ನೂ ನೋಡುವುದು. ಪ್ರವಾಸಿಗಳ ಬಸ್ಸಿನಲ್ಲಿ ಇದು ದೊರೆಯದು. ಅಲ್ಲಿ ಎಲ್ಲರೂ ಪ್ರವಾಸಿಗಳೇ.

ನ್ಯೂಯಾರ್ಕಿನವರು ಇದಕ್ಕೂ ಒಂದು ಹೆಜ್ಜೆ ಮುಂದೆ. ಮ್ಯಾನ್‌ಹ್ಯಾಟನ್ನಿನ ದಕ್ಷಿಣದ ತುದಿಯಿಂದ ಸ್ಟೇಟನ್ ದ್ವೀಪಕ್ಕೆ ಹಗಲಿರುಳೂ ಹೋಗಿಬರುವ ಕಿತ್ತಳೆ ಬಣ್ಣದ ಹಡಗಿಗೆ 1997ರಿಂದ ಟಿಕೇಟಿಲ್ಲ. ಇಪ್ಪತ್ತೈದು ನಿಮಿಷಗಳ ಪ್ರಯಾಣ; ಸ್ವಾತಂತ್ರ್ಯದೇವಿಯ ಪ್ರತಿಮೆ, ನಗರದ ಮುಗಿಲುಮುಟ್ಟುವ ಕಟ್ಟಡಗಳು ಎಲ್ಲವೂ ಬಿಟ್ಟಿ. ಪ್ರತಿಮೆಯ ಪಾದದ ಬಳಿ ಇಳಿಯಬೇಕೆಂದರೆ ಮಾತ್ರ ಹಣ ತೆತ್ತು ಬೇರೆ ದೋಣಿ ಹತ್ತಬೇಕು. ಈ ಬಿಟ್ಟಿ ಹಡಗಿಗೂ ‘ಟಿಕೇಟು’ ಮಾರುವ ಠಕ್ಕರು ದಡದಲ್ಲಿ ನಿಂತಿರುತ್ತಾರೆ. ಅಲ್ಲಿಯೂ ಗಿರಾಕಿಗಳಿಗೆ ಬರವಿಲ್ಲ!

ಹಾಗೆಂದು ಪ್ರವಾಸಿಗಳ ಬಸ್ಸನ್ನು ಬರಿಯ ಸುಲಿಗೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೊಣಕಾಲು ನೋವಿನವರಿಗೆ, ಕೈಗೂಸಿನ ತಾಯಂದಿರಿಗೆ, ಭಾಷೆ ಬಾರದವರಿಗೆ ಅದು ಆಸರೆ. ಅದಲ್ಲದೆ, ಅಲ್ಲಿ ಒಂದು ಕಾಲದಲ್ಲಿ ಮಾರಾಟವಾಗುತ್ತಿದ್ದುದು ಸೀಟಲ್ಲ, ಧ್ವನಿ. ಜಪಾನಿನ ಬೆಪ್ಪು ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ 1928ರಲ್ಲಿ ಅಬುರಾಯಾ ಕುಮಾಹಾಚಿ ಎಂಬ ವ್ಯಾಪಾರಿಯು ಬಸ್ಸುಗಳನ್ನು ಓಡಿಸಿ, ದಾರಿ ತೋರಿಸಲು ಹುಡುಗಿಯರನ್ನು ನಿಲ್ಲಿಸಿದ. ಕುದಿಯುವ ಕೊಳಗಳಿಗೆ ಆ ಊರಿನವರು ಇಟ್ಟ ಹೆಸರು ‘ನರಕಗಳು’. ಆ ಹುಡುಗಿಯರು ಒಂದೊಂದು ನರಕವನ್ನೂ ಏಳೈದು ಅಕ್ಷರಗಳ ಜಪಾನೀ ಛಂದಸ್ಸಿನಲ್ಲಿ ಹಾಡಿದಂತೆ ವರ್ಣಿಸುತ್ತಿದ್ದರು. ಪದ್ಯದಲ್ಲಿ ನರಕದರ್ಶನ! ಯುದ್ಧದಲ್ಲಿ ಸುಟ್ಟುಹೋದ ಟೋಕಿಯೋ ನಗರದಲ್ಲಿಯೂ 1948ರಲ್ಲಿ ಹುಟ್ಟಿದ ‘ಹಾತೋ’, ಎಂದರೆ ಪಾರಿವಾಳ ಎಂಬ ಹೆಸರಿನ ಬಸ್ಸು ಕಂಪೆನಿ ಮರುವರ್ಷವೇ ಜನರಿಗೆ ಊರು ತೋರಿಸತೊಡಗಿತು. ಈಗ ಹೆಚ್ಚಿನ ದೇಶಗಳಲ್ಲಿ ಈ ಧ್ವನಿ ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯೊಳಗೆ ಅಡಗಿದೆ. ಹತ್ತಾರು ಭಾಷೆಗಳಲ್ಲಿ ಮೊದಲೇ ಮುದ್ರಿಸಿಟ್ಟ ಮಾತು. ಕೇಳಿದ ಪ್ರಶ್ನೆಗೆ ಉತ್ತರ ಹೇಳದು. ದರ ಮಾತ್ರ ಇಳಿದಿಲ್ಲ.

ನೋಡಬಂದವನಿಗೆ ನೋಟವಾಗಿರುವುದು ಅಲ್ಲಿಯೇ ಬಾಳುವವನಿಗೆ ದಿನದ ಖರ್ಚು. ಈ ಮಾತನ್ನು ಹಾಂಗ್‌ಕಾಂಗಿನ ಸ್ಟಾರ್ ಹಡಗುಗಳ ಕಥೆಯಷ್ಟು ತೀಕ್ಷ್ಣವಾಗಿ ಹೇಳುವುದು ಬೇರೊಂದಿಲ್ಲ. ಹಾಂಗ್‌ಕಾಂಗ್ ದ್ವೀಪಕ್ಕೂ ಎದುರಿನ ಕೌಲೂನಿಗೂ ನಡುವೆ ಓಡುವ ಈ ಹಸಿರು–ಬಿಳಿಯ ಹಡಗುಗಳ ಮೂಲಪುರುಷ ನಮ್ಮ ದೇಶದಿಂದ ಹೋಗಿ ಅಡಿಗೆಯವನಾಗಿ ಬಾಳು ಆರಂಭಿಸಿದ ದೊರಾಬ್ಜಿ ನವರೋಜಿ ಎಂಬ ಪಾರ್ಸಿ ಎಂಬುದು ನಮಗೆ ಸ್ವಾರಸ್ಯದ ವಿಷಯ. ಬಂದರನ್ನು ನೋಡಲು ಇಷ್ಟು ಅಗ್ಗದ, ಇಷ್ಟು ಚೆಲುವಾದ ಸಾಧನ ಬೇರೆಯಿಲ್ಲವೆಂದು ಪ್ರವಾಸಿಗಳು ಹೊಗಳುತ್ತಾರೆ. 1966ರಲ್ಲಿ ಮೇಲಂತಸ್ತಿನ ದರವನ್ನು 20 ಸೆಂಟಿನಿಂದ 25 ಸೆಂಟಿಗೆ ಏರಿಸುವ ಮಾತು ಬಂತು. ಪ್ರವಾಸಿಗೆ ಐದು ಸೆಂಟು ಲೆಕ್ಕಕ್ಕೆ ಬರುವ ಮೊತ್ತವಲ್ಲ. ಆದರೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಸೋ ಸೌ-ಚುಂಗ್ ಎಂಬ ಯುವಕನು ಹಡಗುಕಟ್ಟೆಯ ಬಳಿ ಒಬ್ಬಂಟಿಯಾಗಿ ಉಪವಾಸ ಕುಳಿತ. ಪೊಲೀಸರು ಅವನನ್ನು ಹಿಡಿದರು. ಅಂದಿನಿಂದ ಕೌಲೂನಿನ ಬೀದಿಗಳಲ್ಲಿ ಜನ ಸೇರಿತು, ಕಲ್ಲು ಬಿತ್ತು, ಬೆಂಕಿ ಎದ್ದಿತು, ಗುಂಡು ಹಾರಿತು. ಒಂದು ಪ್ರಾಣವೂ ಹೋಯಿತು. ಏರಿದುದು ಮೇಲಂತಸ್ತಿನ ದರವಲ್ಲವೇ, ಬಡವರು ಕುಳಿತುಕೊಳ್ಳುವುದು ಕೆಳಗಲ್ಲವೇ ಎಂದು ವಾದಿಸಿದವರೂ ಇದ್ದಿರಬಹುದು. ಮೇಲಿನದು ಏರಿದ ಮೇಲೆ ಕೆಳಗಿನದು ಏರದೆ ಇರದೆಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ದರಕ್ಕೆ ಇನ್ನೊಂದು ಕೆಲಸ ಬಿದ್ದಿದೆ. ಬಂದವರಿಂದ ಹಣ ಗಳಿಸುವುದು ಹಳೆಯ ಕೆಲಸ. ಬರುವವರನ್ನು ತಡೆಯುವುದು ಹೊಸದು. ವೆನಿಸ್ ನಗರವು 2024ರ ಏಪ್ರಿಲ್ 25ರಿಂದ, ಜನ ಕಿಕ್ಕಿರಿಯುವ ಗೊತ್ತಾದ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಮರಳುವವರಿಂದ 5 ಯೂರೋ ಪ್ರವೇಶಧನ ಪಡೆಯತೊಡಗಿತು. ಮರುವರ್ಷ ತಡವಾಗಿ ಹೆಸರು ಕೊಟ್ಟವರಿಗೆ ಅದು 10 ಆಯಿತು. ರಾತ್ರಿ ತಂಗುವವರು ಈ ಹಣ ಕೊಡಬೇಕಾಗಿಲ್ಲ. ಅವರು ವಸತಿಯ ತೆರಿಗೆಯನ್ನು ಕೊಟ್ಟಿರುತ್ತಾರೆ. ಎಂದರೆ, ಅಲ್ಲಿ ತಂಗಲು ಶಕ್ತಿಯಿಲ್ಲದೆ ಬುತ್ತಿ ಕಟ್ಟಿಕೊಂಡು ಬಂದವನಿಗೇ ಬಾಗಿಲಲ್ಲಿ ಸುಂಕ. ಊರೊಳಗೆ ಓಡಾಡುವ ದೋಣಿಬಸ್ಸಿನಲ್ಲಿಯೂ ಹೊರಗಿನವನಿಗೆ 9.50 ಯೂರೋ, ಕಾರ್ಡು ಮಾಡಿಸಿಕೊಂಡ ಊರಿನವನಿಗೆ ಒಂದೂವರೆಯ ಸುಮಾರು. ಗೊಂಡೊಲವಂತೂ ಹಗಲಲ್ಲಿ ಅರ್ಧ ಗಂಟೆಗೆ 90. ದೊಡ್ಡ ಕಾಲುವೆಯನ್ನು ಅಡ್ಡಲಾಗಿ ದಾಟಿಸುವ ಅದೇ ಬಗೆಯ ದೋಣಿಯೊಂದಿದೆ. ಎರಡು ಯೂರೋ ಕೊಟ್ಟು ಒಂದೆರಡು ನಿಮಿಷ ಅದರಲ್ಲಿ ನಿಂತರೂ ನೀರು ಅದೇ, ಅರಮನೆಗಳು ಅವೇ.

ಕ್ಯೋಟೋ ನಗರದವರು ನಡೆದ ದಾರಿ ಬೇರೆ. ನನಗೆ ಅದು ಹೆಚ್ಚು ಮಾನವೀಯವಾಗಿ ಕಾಣುತ್ತದೆ. ಅಲ್ಲಿ ನಗರದ ಬಸ್ಸಿಗೆ 230 ಯೆನ್. ದಿನವಿಡೀ ಓಡಾಡುವ ಚೀಟಿಯನ್ನು ಬಹುಕಾಲ 500 ಯೆನ್ನಿಗೆ ಕೊಡುತ್ತಿದ್ದರು. ಅಗ್ಗವೆಂದು ಪ್ರವಾಸಿಗಳು ಮುಗಿಬಿದ್ದರು. ದೊಡ್ಡ ಪೆಟ್ಟಿಗೆಗಳೊಡನೆ ದೇವಾಲಯದಿಂದ ದೇವಾಲಯಕ್ಕೆ ಹೊರಟರು. ಆಸ್ಪತ್ರೆಗೆ ಹೋಗಬೇಕಾದ ಊರಿನ ವೃದ್ಧರು ತುಂಬಿದ ಬಸ್ಸುಗಳನ್ನು ನೋಡುತ್ತ ನಿಲ್ದಾಣದಲ್ಲಿಯೇ ಉಳಿದರು. ಚೀಟಿಯ ಬೆಲೆಯನ್ನು 600, ಆಮೇಲೆ 700 ಮಾಡಿದರೂ ದಟ್ಟಣೆ ತಗ್ಗಲಿಲ್ಲ. 2023ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿ, 2024ರ ಜೂನಿನಿಂದ ರಜಾದಿನಗಳಲ್ಲಿ ಹೆಸರಾದ ಸ್ಥಳಗಳಿಗೆ ನೇರವಾಗಿ ಓಡುವ ಬೇರೆ ಬಸ್ಸನ್ನು 500 ಯೆನ್ ದರಕ್ಕೆ ಬಿಟ್ಟರು. ಬೇಗ ತಲುಪಬೇಕೆನ್ನುವ ಪ್ರವಾಸಿ ಅದರಲ್ಲಿ ಹೋಗುತ್ತಾನೆ. ಬೇಡವೆನ್ನುವವನಿಗೆ 230ರ ಬಸ್ಸಿನ ಬಾಗಿಲು ಮುಚ್ಚಿಲ್ಲ. ಬೆಲೆ ಇಲ್ಲಿ ಬೇಲಿಯಾಗಲಿಲ್ಲ, ಕವಲುದಾರಿಯಾಯಿತು.

ನೆರೆಯ ಭೂತಾನದ್ದು ಮುಚ್ಚುಮರೆಯಿಲ್ಲದ ಬೇಲಿ. 2022ರ ಸೆಪ್ಟೆಂಬರಿನಲ್ಲಿ ಆ ದೇಶ ಪ್ರವಾಸಿಗಳ ದಿನದ ಶುಲ್ಕವನ್ನು 200 ಡಾಲರಿಗೆ ಏರಿಸಿ, ಒಂದು ವರ್ಷದ ಮೇಲೆ 100ಕ್ಕೆ ಇಳಿಸಿತು. ಮೊದಲು ಏನನ್ನೂ ಕೊಡದಿದ್ದ ಭಾರತೀಯರು ದಿನಕ್ಕೆ 1,200 ರೂಪಾಯಿ ಕೊಡಬೇಕಾಯಿತು. ಮೂರು ರಾತ್ರಿ ತಂಗುವ ದಂಪತಿಗಳಿಗೆ ಊಟ ವಸತಿಗಳಿಗೆ ಮೊದಲೇ 7,200 ರೂಪಾಯಿ. ಅಷ್ಟು ಸಣ್ಣ ದೇಶ ತನ್ನ ಕಾಡುಗಳನ್ನು ಉಳಿಸಿಕೊಳ್ಳಲು ಪಡುವ ಪಾಡನ್ನು ಕಂಡವರು ಅದನ್ನು ದೂರಲಾರರು.

ದೂರುವ ಮುನ್ನ ನಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳಬೇಕು. ತಾಜಮಹಲಿಗೆ ನಮ್ಮವರಿಂದ 50 ರೂಪಾಯಿ, ಪರದೇಶದವರಿಂದ 1,100. ಗೋರಿಯಿರುವ ಮೇಲಿನ ಜಗಲಿ ಹತ್ತಲು ಇಬ್ಬರಿಗೂ ಮತ್ತೆ 200. ಹಂಪೆಯ ವಿಠ್ಠಲ ದೇವಾಲಯಕ್ಕೆ 40 ಮತ್ತು 600. ಪರದೇಶದವರೆಲ್ಲ ಧನಿಕರೆಂಬ ಎಣಿಕೆ ಇದರ ಹಿಂದಿದೆ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಕಲ್ಲಿನ ರಥವನ್ನು ನೋಡಬಂದ ಬಡ ವಿದ್ಯಾರ್ಥಿಯೂ ಇರಬಹುದೆಂಬುದು ಚೀಟಿ ಹರಿಯುವ ಕಿಂಡಿಗೆ ತಿಳಿಯದು. ಆದರೆ ಪರದೇಶಕ್ಕೆ ಹೊರಟ ನಮ್ಮವನ ಪಾಡು ಊರು ಬಿಡುವ ಮೊದಲೇ ಶುರುವಾಗುತ್ತದೆ. 1966ರ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಿ, 4.76 ರೂಪಾಯಿಗೆ ಸಿಗುತ್ತಿದ್ದ ಡಾಲರು 7.50 ಆದಾಗ, ಅಮೆರಿಕದಲ್ಲಿ ಯಾವ ಬಸ್ಸಿನ ದರವೂ ಏರಲಿಲ್ಲ. ನಮ್ಮ ಪಾಲಿಗೆ ಮಾತ್ರ ಅಲ್ಲಿನ ಬಸ್ಸುಗಳೆಲ್ಲ ಒಂದೇ ದಿನದಲ್ಲಿ ಒಂದೂವರೆ ಪಟ್ಟಿಗಿಂತ ತುಟ್ಟಿಯಾದವು. ಇಂದು ಯೂರೋಪಿನ ಷೆಂಗೆನ್ ರಾಷ್ಟ್ರಗಳ ವೀಸಾಕ್ಕೆ, 2024ರ ಜೂನಿನಿಂದ, 90 ಯೂರೋ. ಅರ್ಜಿಯನ್ನು ತಿರಸ್ಕರಿಸಿದರೂ ಆ ಹಣ ಮರಳುವುದಿಲ್ಲ. ಬರ್ಲಿನ್ನಿನ 100ನೆಯ ಬಸ್ಸನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹತ್ತಬಹುದಾದ ಹಣ ಇದು. ಅಮೆರಿಕದವನಿಗೂ ಜಪಾನಿನವನಿಗೂ ಈ ಮೆಟ್ಟಿಲೇ ಇಲ್ಲ. ಅಗ್ಗದ ಬಸ್ಸನ್ನು ಹುಡುಕುವ ಜಾಣತನವೆಲ್ಲ ಬಾಗಿಲು ದಾಟಿದವನಿಗೆ ಮಾತ್ರ ದಕ್ಕತಕ್ಕದ್ದು.

ಬೆಲೆಯನ್ನು ಒಮ್ಮೆಗೇ ಕೆಳಗಿಳಿಸಿದರೆ ಏನಾಗುತ್ತದೆ? ಜರ್ಮನಿ 2022ರ ಬೇಸಗೆಯಲ್ಲಿ, ಜೂನಿನಿಂದ ಆಗಸ್ಟಿನವರೆಗೆ, ತಿಂಗಳಿಗೆ 9 ಯೂರೋ ಕೊಟ್ಟವರು ದೇಶದ ಎಲ್ಲ ನಗರ ಬಸ್ಸುಗಳಲ್ಲಿಯೂ ಪ್ರಾಂತೀಯ ರೈಲುಗಳಲ್ಲಿಯೂ ಓಡಾಡಬಹುದೆಂದು ಸಾರಿತು. ಸುಮಾರು 5 ಕೋಟಿ 20 ಲಕ್ಷ ಚೀಟಿಗಳು ಮಾರಿದವು. ಉತ್ತರದ ಕಡಲಿನಲ್ಲಿ ಸಿಲ್ಟ್ ಎಂಬ ಸಿರಿವಂತರ ವಿಹಾರದ್ವೀಪವಿದೆ. ತಲೆಗೂದಲಿಗೆ ಬಣ್ಣ ಬಳಿದ ಬಡ ಹುಡುಗರು ಆ ಚೀಟಿ ಹಿಡಿದು ಅಲ್ಲಿಗೆ ಬಂದು ಕಾರಂಜಿಯ ಕಟ್ಟೆಯ ಮೇಲೆ ಕುಳಿತಾಗ ಎದ್ದ ಗದ್ದಲ ದೇಶವನ್ನೆಲ್ಲ ನಗಿಸಿತು. ಕಡಲು ಎಂದಿನಂತೆಯೇ ಇತ್ತು. ನೋಡುವವರು ಬೇರೆಯಾಗಿದ್ದರು, ಅಷ್ಟೆ. ಆ ಚೀಟಿಯ ಸ್ಥಾನದಲ್ಲಿ 2023ರ ಮೇ ತಿಂಗಳಿನಲ್ಲಿ ಬಂದುದರ ಬೆಲೆ 49 ಯೂರೋ, 2025ರಲ್ಲಿ 58.

ಮರುವರ್ಷ ಇದೇ ಬಗೆಯ ಗದ್ದಲವನ್ನು ನಾವೂ ಕೇಳಿದೆವು. 2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದು, ರಾಜ್ಯದ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದಾಗ, ಮೊದಲ ವಾರಗಳಲ್ಲಿಯೇ ಧರ್ಮಸ್ಥಳದ, ಸುಬ್ರಹ್ಮಣ್ಯದ ಬಸ್ಸುಗಳು ತುಂಬಿ ತುಳುಕಿದವು. ಕೆಲಸಕ್ಕೆ ಹೋಗುವವರಿಗೆಂದು ಕೊಟ್ಟರೆ ಇವರು ತಿರುಗಾಟಕ್ಕೆ ಹೊರಟರಲ್ಲ ಎಂದು ಹಲವರು ಹುಬ್ಬು ಗಂಟಿಕ್ಕಿದರು. ಪುರುಷರ ಬಸ್ಸಿನ ಖರ್ಚಿನಲ್ಲಿ ಎಷ್ಟು ಕೆಲಸದ್ದು, ಎಷ್ಟು ತಿರುಗಾಟದ್ದು ಎಂದು ಇಷ್ಟು ಕಾಲವೂ ಯಾರೂ ಕೇಳಿರಲಿಲ್ಲ. ಮದುವೆಯಾಗಿ ಬಂದ ಊರು, ಹುಟ್ಟಿದ ಊರು, ಇವೆರಡರ ನಡುವಿನ ದಾರಿಯನ್ನು ಬಿಟ್ಟು ಬೇರೆ ಕಾಣದ ಹೆಂಗಸು ಐವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಕಿಟಕಿಯ ಪಕ್ಕದಲ್ಲಿ ಕುಳಿತು ಶಿರಾಡಿ ಘಾಟಿಯನ್ನು ಇಳಿಯುತ್ತಾಳೆಂದರೆ, ಅವಳಿಗೆ ಲೆಕ್ಕ ಕೇಳುವವರು ಥಾಮಸ್ ಕುಕ್ಕನ ಐನೂರು ಮಂದಿಯಿಂದಲೂ ಕೇಳಬೇಕಾಗಿತ್ತು. ನೂಕುನುಗ್ಗಲು ನಿಜ, ಸಾರಿಗೆ ನಿಗಮಗಳಿಗೆ ಬೀಳುವ ಹೊರೆಯೂ ನಿಜ. ಅದಕ್ಕೆ ಮದ್ದು ಇನ್ನಷ್ಟು ಬಸ್ಸುಗಳೇ ಹೊರತು ಮನೆಯಲ್ಲಿಯೇ ಇರೆಂಬ ಉಪದೇಶವಲ್ಲ.

ಹೀಗೆ ಹೊರಟವಳಿಗೂ ಖರ್ಚು ಇಲ್ಲದಿಲ್ಲ. ದಾರಿಯ ಕಾಫಿಗೆ, ತಂಗುವ ಕೋಣೆಗೆ, ಹಣ್ಣುಕಾಯಿಗೆ ದುಡ್ಡು ಬೇಕು. ರಾಜ್ಯದ ಗಡಿ ದಾಟುವ ಬಸ್ಸಿನಲ್ಲಿ ಶೂನ್ಯ ದರದ ಟಿಕೇಟು ನಡೆಯುವುದಿಲ್ಲ. ರಾಯಚೂರಿನವರೆಗೆ ಬಿಟ್ಟಿ, ಅಲ್ಲಿ ಇಳಿದು, ತುಂಗಭದ್ರೆಯ ಆಚೆಯ ಮಂತ್ರಾಲಯಕ್ಕೆ ಹಣ ಕೊಟ್ಟು ಬೇರೆ ಬಸ್ಸು ಹತ್ತಬೇಕು.