ಭಯ ಕಲಿಯಲು ವಯಸ್ಸಾಗಬೇಕು

ಇಪ್ಪತ್ತರ ಹರೆಯದವರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ‘ನಮ್ಮ ಕಾಲದಲ್ಲಿ...’ ಎಂದು ಯಾರಾದರೂ ಶುರು ಮಾಡಿದರೆ ಸಾಕು, ನಾವು ಮೆಲ್ಲಗೆ ಮೊಬೈಲ್ ಕೈಗೆತ್ತಿಕೊಳ್ಳುತ್ತೇವೆ. ನನ್ನ ತಾತ ಮಾತ್ರ ಈ ಸಾಲಿಗೆ ಸೇರಿದವರಲ್ಲ. ಎಪ್ಪತ್ತಾರು ವರ್ಷದ ಅವರು ಲೈನ್‌ಮನ್ ಆಗಿ ದುಡಿದು ನಿವೃತ್ತರಾದವರು. ತಮ್ಮ ಕಾಲವೇ ಚೆನ್ನಾಗಿತ್ತು ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ‘ಮತ್ತೆ ಇಪ್ಪತ್ತು ವರ್ಷದವನಾಗು ಅಂದ್ರೆ ಬೇಡಪ್ಪಾ ಅಂತೀನಿ. ಮೊಣಕಾಲು ವಾಪಸ್ ಕೊಟ್ರೆ ಅಷ್ಟೇ ಸಾಕು’ ಎನ್ನುತ್ತಾರೆ.

ಯಾಕೆ ಬೇಡ ಎಂದು ಕೇಳಿದರೆ ಒಂದೇ ಉತ್ತರ: ಕಾಯುವುದು. ಎಸ್ಸೆಸ್ಸೆಲ್ಸಿ ಮುಗಿಸಿ, ಕಂಬ ನೆಡುವ ಗುಂಡಿ ತೋಡುವ ದಿನಗೂಲಿಗೆ ಸೇರಿದ ಅವರಿಗೆ ಕೆಲಸ ಕಾಯಂ ಆಗಲು ಆರು ವರ್ಷ ಹಿಡಿಯಿತು. ಪೋಸ್ಟ್‌ಮನ್ ಸೈಕಲ್ ಮನೆ ದಾಟಿ ಮುಂದೆ ಹೋದಾಗಲೆಲ್ಲ ಎದೆ ಕುಸಿಯುತ್ತಿತ್ತಂತೆ. ಜೊತೆಗೆ ಓದಿದವರು ಮೇಷ್ಟ್ರಾದರು, ಗುಮಾಸ್ತರಾದರು, ಮದುವೆಯಾದರು. ‘ಎಲ್ರಿಗೂ ಏನೋ ಒಂದು ಆಯ್ತು, ನನಗೆ ಮಾತ್ರ ಆಗ್ಲಿಲ್ಲ ಅನ್ನಿಸೋದು. ಈಗ ನೋಡು, ಯಾರಿಗೆ ಮೊದಲು ಕೆಲಸ ಸಿಕ್ತು ಅನ್ನೋದೇ ಜ್ಞಾಪಕ ಇಲ್ಲ.’

ನಾನು ಬಿ.ಇ. ಎಲೆಕ್ಟ್ರಿಕಲ್ ಮೂರನೇ ವರ್ಷದಲ್ಲಿದ್ದೇನೆ. ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದಿನಕ್ಕೊಬ್ಬರ ಇಂಟರ್ನ್‌ಶಿಪ್ ಸುದ್ದಿ, ಅದರ ಕೆಳಗೆ ಅಭಿನಂದನೆಗಳ ಸಾಲು. ನನಗಿನ್ನೂ ಯಾವುದೂ ಸಿಕ್ಕಿಲ್ಲ. ಯಾವ ಮೋಟಿವೇಶನ್ ವಿಡಿಯೊ ಕೊಡದ ಸಮಾಧಾನವನ್ನು ಆ ‘ಜ್ಞಾಪಕ ಇಲ್ಲ’ ಕೊಟ್ಟಿತು.

ತಾತ ಹೇಳುವ ಇನ್ನೊಂದು ಮಾತು ಭಯದ್ದು. ‘ಹುಡುಗರಿಗೆ ಧೈರ್ಯ ತಾನಾಗೇ ಬರುತ್ತೆ, ಭಯ ಕಲೀಬೇಕು’ ಎನ್ನುತ್ತಾರೆ. ಸಬ್‌ಸ್ಟೇಷನ್‌ನಿಂದ ‘ಲೈನ್ ಕ್ಲಿಯರ್’ ಸಿಕ್ಕ ಮೇಲೂ, ತಂತಿ ಮುಟ್ಟುವ ಮುನ್ನ ಅರ್ಥಿಂಗ್ ರಾಡ್ ಹಾಕಿ ಅದನ್ನು ನೆಲಕ್ಕೆ ಜೋಡಿಸಬೇಕು. ಏಕೆಂದರೆ ಟ್ರಾನ್ಸ್‌ಫಾರ್ಮರ್‌ಗೆ ದಿಕ್ಕಿನ ಹಂಗಿಲ್ಲ. 11 ಸಾವಿರ ವೋಲ್ಟನ್ನು 400ರ ಆಸುಪಾಸಿಗೆ ಇಳಿಸುವ ಅದೇ ಪೆಟ್ಟಿಗೆ, ಯಾರದೋ ಜನರೇಟರಿನ ಕರೆಂಟು ಹಿಮ್ಮುಖವಾಗಿ ನುಗ್ಗಿದರೆ ಅದನ್ನು ಮತ್ತೆ 11 ಸಾವಿರಕ್ಕೆ ಏರಿಸಿ ‘ಸತ್ತ’ ತಂತಿಗೆ ಜೀವ ತುಂಬುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದೆ. ತಾತ ಕಲಿತದ್ದು, ಮದುವೆ ನಿಶ್ಚಯವಾಗಿದ್ದ ಸಹೋದ್ಯೋಗಿಯೊಬ್ಬರನ್ನು ಕಂಬದಿಂದ ಇಳಿಸಿಕೊಂಡ ದಿನ. ಆಮೇಲಿನ ಮೂವತ್ತು ವರ್ಷ, ಮಳೆಯಿರಲಿ, ಊರಿನವರು ಕೆಳಗೆ ನಿಂತು ಬೈಯುತ್ತಿರಲಿ, ಅವರು ರಾಡ್ ಹಾಕದೆ ತಂತಿ ಮುಟ್ಟಲಿಲ್ಲ. ಅನುಭವ ಎಂಬ ಪದಕ್ಕೆ ನನಗೆ ಸಿಕ್ಕ ಅರ್ಥ ಇದೇ.

ಮುಪ್ಪಿನ ಬಗ್ಗೆಯೂ ಅವರು ಬಣ್ಣ ಹಚ್ಚಿ ಮಾತಾಡುವುದಿಲ್ಲ. ಅವರ ಡೈರಿಯ ಫೋನ್ ನಂಬರುಗಳಲ್ಲಿ ಅರ್ಧದಷ್ಟು ಈಗ ಗೀಟು ಬಿದ್ದ ಹೆಸರುಗಳು. ‘ಮೈ ನೋವು ತಡ್ಕೋಬಹುದು, ಹಳೇ ಮಾತು ಆಡೋಕೆ ಜನ ಇಲ್ದಿರೋದು ಕಷ್ಟ’ ಎನ್ನುತ್ತಾರೆ. ಆದರೆ ರಾತ್ರಿ ಕರೆಂಟು ಹೋದರೆ ಇಂದಿಗೂ ಮೊದಲು ಅಂಗಳಕ್ಕೆ ಬರುವವರು ಅವರೇ. ಯಾವ ಕಡೆಯ ದೀಪ ಆರಿದೆ ಎಂದು ನೋಡಿ, ಯಾವ ಫೀಡರ್ ಹೋಗಿದೆ ಎಂದು ಊಹಿಸುತ್ತಾರೆ.

ಪ್ರತಿ ಸೆಪ್ಟೆಂಬರ್ 15ಕ್ಕೆ ಕಾಲೇಜಿನಲ್ಲಿ ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುತ್ತೇವೆ. ಅವರು ಮುಂಬೈ ಪ್ರಾಂತ್ಯದ ಸರ್ಕಾರಿ ಕೆಲಸದಿಂದ ನಿವೃತ್ತರಾದದ್ದು 1908ರಲ್ಲಿ, ಐವತ್ತು ತುಂಬುವ ಮೊದಲೇ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ದಿವಾನರಾದದ್ದು, ಭಾರತರತ್ನ ಪಡೆದದ್ದು ಎಲ್ಲವೂ ನಿವೃತ್ತಿಯ ನಂತರವೇ. ನಾವೋ, ಇಪ್ಪತ್ತೊಂದಕ್ಕೆ ಆಫರ್ ಲೆಟರ್ ಬಾರದಿದ್ದರೆ ಬದುಕೇ ಮುಗಿಯಿತು ಎಂದುಕೊಳ್ಳುತ್ತೇವೆ!

ತಾತನಿಗೂ ವಿಶ್ವೇಶ್ವರಯ್ಯನವರಿಗೂ ಹೋಲಿಕೆ ಇಲ್ಲ, ನಿಜ. ಆದರೂ ಬದುಕು ಒಂದೇ ಪರೀಕ್ಷೆಯಲ್ಲ ಎಂಬುದಕ್ಕೆ ಇಬ್ಬರೂ ಸಾಕ್ಷಿ. ಗೆಳೆಯರೇ, ಮನೆಯ ಹಿರಿಯರನ್ನು ಬುದ್ಧಿವಾದ ಕೇಳಬೇಡಿ, ಅದು ಕೇಳದೆಯೂ ಸಿಗುತ್ತದೆ. ನಮ್ಮ ವಯಸ್ಸಿನಲ್ಲಿ ಅವರಿಗೆ ಏನು ಸಿಕ್ಕಿರಲಿಲ್ಲ, ಯಾವುದಕ್ಕೆ ಹೆದರಿದ್ದರು ಎಂದು ಕೇಳಿ. ಉತ್ತರ ಉದ್ದವಾಗಿರುತ್ತದೆ. ಮೊಬೈಲ್ ಪಕ್ಕಕ್ಕಿಟ್ಟು ಕೂತುಕೊಳ್ಳಿ.