ಸಣ್ಣ ತೀರ್ಮಾನಗಳ ಬಲ

ಹೋಟೆಲಿನಲ್ಲಿ ಮಾಣಿ ಬಂದು "ಏನು ಕೊಡ್ಲಿ?" ಎಂದರೆ ಕೆಲವರು ಎದುರಿಗೆ ಕೂತವರ ಮುಖ ನೋಡುತ್ತಾರೆ. "ನಿಮಗೇನೋ ಅದೇ ನನಗೂ" ಎನ್ನುತ್ತಾರೆ. ಎರಡು ಸಾಲಿನ ಮೆಸೇಜು ಟೈಪು ಮಾಡಿ, ಅಳಿಸಿ, ಮತ್ತೆ ಟೈಪು ಮಾಡಿ, ಮೊದಲಿಗೊಂದು 'ಸಾರಿ' ಸೇರಿಸಿ ಕಳಿಸುತ್ತಾರೆ. ಇವರಲ್ಲಿ ಎಷ್ಟೋ ಜನ ಹುಟ್ಟಿನಿಂದ ಪುಕ್ಕಲರಲ್ಲ. ಏನು ಆರಿಸಿದರೂ ತಪ್ಪು ಹುಡುಕುವವರ ಜೊತೆ ವರ್ಷಗಟ್ಟಲೆ ಬಾಳಿ, ಆರಿಸುವುದನ್ನೇ ಬಿಟ್ಟವರು. ಅಂಥ ಸಂಬಂಧ ಒಂದಾದ ಮೇಲೊಂದು ಬಂದರಂತೂ 'ದೋಷ ನನ್ನಲ್ಲೇ ಇರಬೇಕು' ಎಂಬ ಅನುಮಾನ ನಂಬಿಕೆಯಾಗಿಬಿಡುತ್ತದೆ.

ಕುಗ್ಗಿಸುವ ಬಗೆ

1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ನಾಟಕಕಾರ 'ಗ್ಯಾಸ್ ಲೈಟ್' ನಾಟಕ ಬರೆದ. ಅದರಲ್ಲಿ ಗಂಡ ಗೋಡೆಯ ಮೇಲಿನ ಚಿತ್ರವನ್ನು ತಾನೇ ಬಚ್ಚಿಟ್ಟು, ಹೆಂಡತಿಯೇ ತೆಗೆದು ಮರೆತಿದ್ದಾಳೆಂದು ಸಾಧಿಸುತ್ತಾನೆ. ಹೀಗೇ ಮಾಡುತ್ತ ಹೋದರೆ ಅವಳು ತನ್ನ ಬುದ್ಧಿಯನ್ನೇ ಶಂಕಿಸಬೇಕೆಂಬುದು ಅವನ ಹೂಟ. 1944ರ ಹಾಲಿವುಡ್ ಚಿತ್ರದಲ್ಲಿ ಈ ಹೆಂಡತಿಯ ಪಾತ್ರಕ್ಕೆ ಇಂಗ್ರಿಡ್ ಬರ್ಗ್‌ಮನ್ ಆಸ್ಕರ್ ಪಡೆದರು. ಇಂದು ಎಲ್ಲರ ಬಾಯಲ್ಲಿರುವ 'ಗ್ಯಾಸ್‌ಲೈಟಿಂಗ್' ಅಲ್ಲಿಂದ ಬಂದದ್ದು.

ಇಷ್ಟಾದರೂ ಬಿಟ್ಟು ಹೋಗುವುದು ಯಾಕೆ ಕಷ್ಟ? ಮನೋವಿಜ್ಞಾನಿಗಳಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಎರಡು ಕಾರಣ ಮುಂದಿಟ್ಟರು. ಒಬ್ಬರ ಕೈ ಸದಾ ಮೇಲಿರುವುದು ಒಂದು. ಹಿಂಸೆಯ ನಡುನಡುವೆ ಪ್ರೀತಿಯೂ ಸಿಗುವುದು ಇನ್ನೊಂದು. ಸೋಲುತ್ತಲೇ ಇರುವ ಇಸ್ಪೀಟು ಆಟಗಾರನನ್ನು ಅಪರೂಪಕ್ಕೆ ಗೆದ್ದ ಒಂದು ಆಟ ಹಿಡಿದು ಕೂರಿಸುವ ಹಾಗೆ, ಬೈಗುಳದ ಮರುದಿನ ಬರುವ ಮಲ್ಲಿಗೆ ಹೂವು ಮನುಷ್ಯನನ್ನು ಕಟ್ಟಿಹಾಕುತ್ತದೆ.

ಹೊರಬಂದವರು ಮತ್ತೆ ಅಂಥದೇ ಸಂಬಂಧಕ್ಕೆ ಬೀಳುವುದಕ್ಕೆ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಸ್ವಾನ್ ಅವರ ಅಧ್ಯಯನಗಳಲ್ಲಿ ಒಂದು ವಿವರಣೆ ಇದೆ. ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯವನ್ನು ಅನುಮೋದಿಸುವವರ ಬಳಿಯೇ ನಮಗೆ ನಿರಾಳ. ತಮ್ಮನ್ನು ತಾವೇ ಕೀಳಾಗಿ ಕಾಣುವವರಿಗೆ ಮೆಚ್ಚುಗೆ ಒಗ್ಗುವುದಿಲ್ಲ, ಟೀಕೆ ಪರಿಚಿತ. ಹಾಗೆಂದು ಹಿಂಸೆಯ ಹೊಣೆ ಅನುಭವಿಸಿದವರ ಮೇಲೆ ಬೀಳುವುದಿಲ್ಲ. ಅದು ಮಾಡಿದವರದೇ.

ಅರ್ಧ ಶತಮಾನದ ಬಳಿಕ ತಿದ್ದಿಕೊಂಡ ಪಾಠ

ಆರಿಸುವುದನ್ನೇ ಬಿಟ್ಟವರ ಮನಸ್ಸನ್ನು ಅರಿಯಲು ಹಳೆಯ ಪ್ರಯೋಗವೊಂದು ನೆರವಾಗುತ್ತದೆ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ನಾಯಿಗಳ ಮೇಲೆ ನಡೆಸಿದ, ಇಂದು ಕ್ರೂರವೆನಿಸುವ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವು ನಾಯಿಗಳು ತಲೆಯಿಂದ ಹಲಗೆಯೊಂದನ್ನು ಒತ್ತಿ ವಿದ್ಯುತ್ ಆಘಾತ ನಿಲ್ಲಿಸಬಹುದಿತ್ತು. ಇನ್ನು ಕೆಲವಕ್ಕೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮರುದಿನ ಎಲ್ಲವನ್ನೂ, ಗಿಡ್ಡ ಅಡ್ಡಗೋಡೆ ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ, ಎರಡನೆಯ ಗುಂಪಿನ ಹೆಚ್ಚಿನವು ಹಾರಲೇ ಇಲ್ಲ. ಇದನ್ನು 'ಕಲಿತ ಅಸಹಾಯಕತೆ' ಎಂದರು.

2016ರಲ್ಲಿ ಅದೇ ಇಬ್ಬರು, ಇಲಿಗಳ ಮೆದುಳಿನ ಅಧ್ಯಯನಗಳ ಆಧಾರದ ಮೇಲೆ, ತಮ್ಮ ಮಾತನ್ನು ತಿರುಗಿಸಿ ಹೇಳಿದರು. ಎಡೆಬಿಡದೆ ನೋವಾದಾಗ ಮುದುಡುವುದು ಮೆದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು 'ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ' ಎಂಬುದನ್ನು. ಅದನ್ನು ಗುರುತಿಸಿದಾಗ ಮೆದುಳಿನ ಮುಂಭಾಗವು ಆ ಮುದುಡುವಿಕೆಯನ್ನು ತಡೆಯುತ್ತದೆ.

1968ರ ಇನ್ನೊಂದು ಪ್ರಯೋಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹಾರದೆ ಬಿದ್ದಿದ್ದ ನಾಯಿಗಳನ್ನು ಹಗ್ಗ ಹಿಡಿದು ಮತ್ತೆಮತ್ತೆ ಆಚೆ ಬದಿಗೆ ಎಳೆದರು. ಮೊದಮೊದಲು ಬಲವಾಗಿ ಜಗ್ಗಬೇಕಾಯಿತು. ಬರಬರುತ್ತ ಸಣ್ಣ ಎಳೆತ ಸಾಕಾಯಿತು. ಕೊನೆಗೆ ಅವು ತಾವೇ ಹಾರಿದವು. ಮನುಷ್ಯರ ಬಾಳು ಪ್ರಯೋಗಶಾಲೆಯ ಪೆಟ್ಟಿಗೆಯಲ್ಲ, ನಿಜ. ಆದರೂ ಬುದ್ಧಿಮಾತಿಗಿಂತ ಮಾಡಿ ನೋಡಿದ ಅನುಭವ ಹೆಚ್ಚು ಕೆಲಸ ಮಾಡುತ್ತದೆಂಬ ಸೂಚನೆ ಇಲ್ಲಿದೆ.

ಕನ್ನಡಿಯ ಮುಂದೆ ನಿಂತು 'ನಾನು ಪ್ರೀತಿಗೆ ಯೋಗ್ಯ' ಎಂದು ಹೇಳಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಗೌರವ ಕಡಿಮೆಯಿದ್ದವರು ಇಂಥ ವಾಕ್ಯ ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದರು. ಮನಸ್ಸು ಒಪ್ಪದ ಹೊಗಳಿಕೆ, ಒಳಗಿನ ತಕರಾರನ್ನೇ ಎಬ್ಬಿಸುತ್ತದೆ.

ಎಲ್ಲಿಂದ ಶುರು?

ಚಿಕ್ಕದರಿಂದ. ದಿನಕ್ಕೊಂದು ತೀರ್ಮಾನ ನಿಮ್ಮದಾಗಿರಲಿ: ಏನು ತಿನ್ನುವುದು, ಯಾವ ಬಣ್ಣದ ಬಟ್ಟೆ, ಯಾರ ಫೋನು ಎತ್ತುವುದು. ಎರಡು ಸಾಲು ಬರೆದಿಡಿ: ಏನು ಆರಿಸಿದೆ, ಆಮೇಲೆ ಏನಾಯಿತು. ಆರಿಸಿದ್ದು ಸಪ್ಪೆಯಾದರೂ ಆಕಾಶ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ನಿಮ್ಮದೇ ಕೈಬರಹದ ಪುರಾವೆ ಇರುತ್ತದೆ. ಆಮೇಲೆ ಸ್ವಲ್ಪ ದೊಡ್ಡವು: ನಿಮ್ಮ ಹೆಸರಿನದೇ ಬ್ಯಾಂಕ್ ಖಾತೆ, ದೂರವಾದ ಗೆಳತಿಗೋ ಅಣ್ಣನಿಗೋ ಒಂದು ಕರೆ, ಒಲ್ಲದ ಕೆಲಸಕ್ಕೆ ಕಾರಣ ಕೊಡದೆ 'ಆಗಲ್ಲ' ಎನ್ನುವುದು.

ಹೊಡೆತ, ಬೆದರಿಕೆ ಇನ್ನೂ ನಡೆಯುತ್ತಿದ್ದರೆ ಮೊದಲ ಕೆಲಸ ಸುರಕ್ಷತೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ, ಮನಸ್ಸಿನ ಮತ್ತು ಹಣಕಾಸಿನ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮದುವೆಯಾಗದೆ ಗಂಡಹೆಂಡಿರಂತೆ ಬಾಳಿದ ಹೆಣ್ಣಿಗೂ ಅದರ ರಕ್ಷಣೆ ಉಂಟು. ಮಹಿಳಾ ಸಹಾಯವಾಣಿ 181. ನಿದ್ದೆ ಕೆಟ್ಟಿದ್ದರೆ, ಬದುಕು ಬೇಡವೆನಿಸಿದರೆ, ಗಂಡಸರಾಗಲಿ ಹೆಂಗಸರಾಗಲಿ, ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದೆ ಯಾರಾದರೂ ಹತ್ತಿರವಾದಾಗ ಅವರ ಉಡುಗೊರೆ, ಹೊಗಳಿಕೆಗಳನ್ನು ಪಕ್ಕಕ್ಕಿಡಿ. ಒಂದು ಸಣ್ಣ ವಿಷಯಕ್ಕೆ 'ಬೇಡ' ಎಂದು ನೋಡಿ. "ಸರಿ, ಹಾಗೇ ಆಗಲಿ" ಎನ್ನುತ್ತಾರೋ, ಮೂರು ದಿನ ಮುಖ ಊದಿಸುತ್ತಾರೋ, ನೀವೇ ಕ್ಷಮೆ ಕೇಳುವ ತನಕ ಬಿಡುವುದಿಲ್ಲವೋ ಗಮನಿಸಿ. ಆ ಉತ್ತರ ನೋಡಿದ ಮೇಲೆ ಇರುವುದೋ ಹೊರಡುವುದೋ ಎಂಬ ತೀರ್ಮಾನವೂ ನಿಮ್ಮದೇ.